ಖಾಲಿ ಬಿಟ್ಟ ಸಾಲು

ತಿರುವನಂತಪುರ
ಆಗಸ್ಟ್ 11

ಮಾನ್ಯ ಜಸಿಂತ ಚೇಚಿಯವರ ಘನ ಸನ್ನಿಧಾನಕ್ಕೆ,

ತಮ್ಮ ಏಕಮಾತ್ರ ಸಹೋದರನೂ, ಬಾಲ್ಯದಲ್ಲಿ ತಮ್ಮಿಂದ ಪೊರಕೆಯ ಏಟು ತಿಂದವನೂ, ಸದ್ಯ ಒಂದು ಕಂಪನಿಯಲ್ಲಿ ಏಸಿಯ ತಣ್ಣನೆ ಗಾಳಿ ತಿಂದುಕೊಂಡು ಬದುಕಿರುವವನೂ ಆದ ಲಿಬಿನ್ ಮೊಣಕಾಲೂರಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಈ ಕಾಗದ ತಂದ ಬೆನ್ನಿ ಚೇಟನ ಮೀನಿನ ವ್ಯಾನಿನಲ್ಲಿ ಒಂದು ರಟ್ಟಿನ ಡಬ್ಬವಿದೆ. ಅದರೊಳಗೆ ಸಾಬೂನಿನ ಗಾತ್ರದ ಕಪ್ಪು ಪೆಟ್ಟಿಗೆಗಳಿವೆ. ನಮ್ಮ ತೀರದ ಒಂದೊಂದು ದೋಣಿಗೂ ಒಂದೊಂದು. ಕ್ಲೀಟಸ್ ಚೇಟ ತಮ್ಮ ‘ಜಪಮಾಲೆ’ ದೋಣಿಗೆ ಮೊದಲು ಕಟ್ಟಲಿ, ನಿನ್ನ ಗಂಡ ಕಟ್ಟಿದ್ದನ್ನು ನೋಡಿದರೆ ಊರೂ ಕಟ್ಟುತ್ತದೆ. ದೋಣಿ ದಡ ಬಿಟ್ಟರೆ, ದಡಕ್ಕೆ ಬಂದರೆ, ಗಾಳಿ ಕೆಡುವ ಸೂಚನೆ ಸಿಕ್ಕರೆ, ಅದು ದಡದಲ್ಲಿರುವ ಹೆಂಗಸರ ಫೋನಿಗೆ ತಿಳಿಸುತ್ತದೆ. ಮಾಡಿದವನು ನಾನು. ಚಪ್ಪಾಳೆಗೆ ಇಲ್ಲಿ ಸ್ವಲ್ಪ ಬಿಡುವು ಕೊಟ್ಟಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಾರದೇ ಅನ್ನುತ್ತೀಯ. ಹೇಳಿದರೆ ನೀನು ಮೀನು ಹೆಚ್ಚುತ್ತಾ ‘ಹೂಂ, ಹೂಂ’ ಅಂದು ಮರೆಯುತ್ತೀಯ. ಕಾಗದವಾದರೆ ಇಗರ್ಜಿಯ ಸುತ್ತೋಲೆಯಂತೆ ಎರಡು ಸಲ ಓದುತ್ತೀಯ.

ವಿಷಯಕ್ಕೆ ಬರುತ್ತೇನೆ. ನಮ್ಮ ಕೆಲಸದಲ್ಲಿ ಎರಡು ಥರದ ಬರವಣಿಗೆ ಇದೆ. ಒಂದು ಲಾಗ್. ಅಂದರೆ ಪೆಟ್ಟಿಗೆಗೆ ಒಳಗೊಳಗೇ ಏನಾಯಿತು ಎಂದು ನಾವು ನಮಗೇ ಗುರುತು ಹಾಕಿಕೊಳ್ಳುವ ಸಾಲುಗಳು. ಅಡುಗೆಮನೆಯಲ್ಲಿ ನೀನು ಗೊಣಗುತ್ತೀಯಲ್ಲ, ‘ಈ ಹಾಳು ಒಲೆ, ಈ ಹಾಳು ಉಪ್ಪು, ಈ ಹಾಳು ಲಿಬಿನ್’ ಅಂತ, ಹಾಗೆ. ಇನ್ನೊಂದು ಸಂದೇಶ. ಅದು ನೀನು ಮೀನ್‌ಸಾರು ಹಿಡಿದು ಹೊರಗೆ ಬಂದು, ‘ಇನ್ನೂ ಸ್ವಲ್ಪ ಹಾಕ್ಲಾ?’ ಅಂತ ನಗುವುದು. ಅಡುಗೆಮನೆಯ ಮಾತು ಪಂಕ್ತಿಗೆ ಬರಬಾರದು. ಇದೇ ನಮ್ಮ ಧರ್ಮಶಾಸ್ತ್ರ.

ಆದರೆ ಅಡುಗೆಮನೆಯಲ್ಲಿ ನಾನು ಚಕ್ರವರ್ತಿ. ಅಲ್ಲಿ ನನ್ನನ್ನು ಕೇಳುವವರಿಲ್ಲ. ಯಾರಾದರೂ ಗುಂಡಿ ಒತ್ತಿ ಪೆಟ್ಟಿಗೆಯನ್ನು ಆರಿಸಿದರೆ ನನ್ನ ಲಾಗಿನಲ್ಲಿ ಮೂಡುವ ಸಾಲು: ‘ಶ್ರೀಯುತರು ನಿದ್ರಾಲೋಲರಾಗಿದ್ದಾರೆ. ಬಾಗಿಲು ತಟ್ಟಬೇಡಿ.’ ಪೆಟ್ಟಿಗೆ ತಾನಾಗಿ ನಿಂತುಹೋದರೆ ಅದಕ್ಕೂ ಒಂದು ಸಾಲಿದೆ, ಪತ್ರಿಕೆಯ ನಿಧನವಾರ್ತೆಯ ಶೈಲಿಯಲ್ಲಿ. ಪಕ್ಕದ ಕುರ್ಚಿಯ ಹುಡುಗಿ ಓದಿ ಚಹಾ ಮೂಗಿಗೆ ಏರಿಸಿಕೊಂಡಳು. ನಮ್ಮಲ್ಲಿ ನಿಂತುಹೋದದ್ದನ್ನೆಲ್ಲ ‘ಸತ್ತಿತು’ ಅನ್ನುವುದು ವಾಡಿಕೆ. ನೆಟ್ ಸಾಯುತ್ತದೆ, ಪರದೆ ಸಾಯುತ್ತದೆ, ಸಂಜೆಯಾದರೆ ಕಾಫಿ ಯಂತ್ರ ಸಾಯುತ್ತದೆ. ಯಾರೂ ಅಳುವುದಿಲ್ಲ.

ಈಗ ನಿನ್ನ ಸಹಾಯ ಬೇಕು. ‘ದೋಣಿ ಹೊರಟಿತು’, ‘ದಡ ಸೇರಿತು’, ‘ಗಾಳಿ ಬರುತ್ತಿದೆ, ವಾಪಸ್ ಕರೆಯಿರಿ’ — ಈ ಸಂದೇಶಗಳನ್ನೆಲ್ಲ ಬರೆದು ಮುಗಿಸಿದೆ. ಒಂದು ಕಡೆ ಮಾತ್ರ ಪೆನ್ನು ನಿಂತಿದೆ. ನಡುಗಡಲಲ್ಲಿ ಪೆಟ್ಟಿಗೆ ತಾನಾಗಿ ನಿಂತರೆ ದಡದ ಹೆಂಗಸಿಗೆ ಏನು ಹೇಳುವುದು? ನೀನೇ ಒಂದು ಸಾಲು ಹೇಳು, ಅದನ್ನೇ ಹಾಕುತ್ತೇನೆ.

ಇಂತು ತಮ್ಮ ಪಾದಸೇವಕ, ಪೆಟ್ಟಿಗೆಗಳ ಒಡೆಯ,
ಲಿಬಿನ್


ನೀಂಡಕರ
ಆಗಸ್ಟ್ 13

ಎಡಾ ಲಿಬಿನೇ,

ಪೆಟ್ಟಿಗೆ ಬಂತು. ಇವರು ಅದನ್ನು ಕಿವಿಗಿಟ್ಟು ಅಲ್ಲಾಡಿಸಿ, ‘ನಿನ್ನ ತಮ್ಮನ ತಲೆ ಥರಾನೇ ಇದೆ, ಒಳಗೇನೋ ಲೊಡಲೊಡ ಅಂತದೆ’ ಅಂದರು. ಆಮೇಲೆ ದೋಣಿಗೆ ಕಟ್ಟಿದರು. ಇವರು ಕಟ್ಟಿದ್ದು ನೋಡಿ ಉಳಿದವರೂ ಕಟ್ಟಿಕೊಂಡರು.

ಇವರದೊಂದು ಕರಾರಿದೆ. ದೋಣಿ ಎಲ್ಲಿದೆ ಅಂತ ಯಾರ ಫೋನಿಗೂ ತೋರಿಸಬೇಡ. ಮತ್ತಿ ಮೀನು ಎಲ್ಲಿ ಸಿಕ್ಕಿತು ಅಂತ ಆ ಅಲೋಶಿಗೆ ಗೊತ್ತಾದರೆ ಮಾರನೇ ದಿನ ಅವನ ಬಲೆ ಅಲ್ಲೇ ಇರುತ್ತೆ. ಹೆಂಡತಿಗೂ ತೋರಿಸಬೇಡ ಅಂತಾರೆ. ನಾನು ಅಲೋಶಿಯ ಹೆಂಡತಿ ಜೊತೆ ಕೂತು ಮೀನು ಹೆಚ್ಚುತ್ತೇನಲ್ಲ, ಅದಕ್ಕೆ.

ನೀನು ಕೇಳಿದ ಸಾಲು. ಲಿಬಿನೇ, ನೀನು ಈ ತೀರದಲ್ಲೇ ಹುಟ್ಟಿದವನು. ದೋಣಿ ಕಡಲಲ್ಲಿರುವಾಗ ಅಂಥ ಮಾತನ್ನು ಯಾವ ಹೆಂಗಸೂ ಆಡುವುದಿಲ್ಲ ಅಂತ ಮರೆತೆಯಾ? ‘ಬರಲಿಲ್ಲ’ ಅಂತ ಕೂಡ ಅನ್ನುವುದಿಲ್ಲ ನಾವು. ಎಷ್ಟು ಹೊತ್ತಾದರೂ ‘ಬರ್ತಿದ್ದಾರೆ’ ಅಂತಲೇ. ನಮ್ಮ ಅಪ್ಪ ಕಡಲಿಗೆ ಹೋದವರು ಅಮ್ಮನ ಬಾಯಲ್ಲಿ ಕೊನೆಯವರೆಗೂ ಬರ್ತಾನೇ ಇದ್ದರು.

ಆ ಸಾಲು ನನ್ನ ಕೈಲಿ ಬರೆಸಬೇಡ. ಖಾಲಿ ಬಿಡು.

ಒಣಗಿಸಿದ ಸಿಗಡಿ ಕಳಿಸಿದ್ದೇನೆ. ಆ ಚಹಾ ಮೂಗಿಗೇರಿಸಿಕೊಂಡ ಹುಡುಗಿಗೂ ಕೊಡು.

ಜಸಿಂತ


ನೀಂಡಕರ
ಸೆಪ್ಟೆಂಬರ್ 19

ಲಿಬಿನ್,

ನಿನ್ನೆ ಹರಾಜಿನ ಕಟ್ಟೆಯಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದೆ. ಫೋನ್ ಕಂಯ್ ಅಂತು. ನಿನ್ನ ಪೆಟ್ಟಿಗೆಯ ಸಂದೇಶ. ಅದರಲ್ಲಿದ್ದುದನ್ನು ಅಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ. ಬಾಯಿಪಾಠವಾಗಿದೆ.

‘ಜಪಮಾಲೆ ಎಂಬ ನಾಮಧೇಯದವರು ಇಂದು ನಡುಗಡಲಿನಲ್ಲಿ ತಮ್ಮ ಇಹಲೋಕದ ವ್ಯಾಪಾರ ಮುಗಿಸಿ ಸ್ವರ್ಗಸ್ಥರಾದರು. ಹೂಗುಚ್ಛ ಬೇಡ, ಪ್ರಾರ್ಥನೆ ಸಾಕು. ದುಃಖತಪ್ತ: ಲಿಬಿನ್.’

ಕೆಳಗೆ ನಿನ್ನ ಹೆಸರಿತ್ತಲ್ಲ, ಅದಕ್ಕೇ ನಂಬಿದೆ. ನನ್ನ ತಮ್ಮನಿಗೆ ಮೊದಲು ಗೊತ್ತಾಗಿದೆ, ನನ್ನೊಡನೆ ಮಾತಾಡಲಾರದೆ ಬರೆದಿದ್ದಾನೆ ಅಂದುಕೊಂಡೆ.

ಇಗರ್ಜಿಯಲ್ಲಿ ಗಂಟೆ ಹೊಡೆದರು, ಲಿಬಿನ್. ಸಾವಿನ ಗಂಟೆ. ಅತ್ತೆ ಬ್ರಿಜಿತ್ ಅಮ್ಮಚ್ಚಿ ಮಗನ ಹೆಸರು ಕೂಗುತ್ತಾ ಮೆಟ್ಟಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿದಿದೆ. ಸೊಸೆ ನಾನು ಅವರನ್ನು ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ.

ಆಮೇಲೆ ಇವರು ಬಂದರು. ದೋಣಿ ತುಂಬಾ ಮತ್ತಿ. ತೀರದ ತುಂಬಾ ಅಳುವ ಹೆಂಗಸರನ್ನು ಕಂಡು ದೋಣಿಯಿಂದಲೇ ಕೂಗಿದರು: ‘ಯಾರ‍್ರೀ ಹೋಗಿದ್ದು?’ ಅಲೋಶಿಯೇ ಹೇಳಿದ: ‘ನೀನೇ ಮಾರಾಯ.’

ಪೆಟ್ಟಿಗೆಯ ವೈರು ಸಡಿಲವಾಗಿತ್ತಂತೆ. ಅಷ್ಟೇ.

ಎಲ್ಲ ಹೆಂಗಸರೂ ಸೇರಿ ಪೆಟ್ಟಿಗೆಗಳನ್ನು ಕಿತ್ತು ಮೀನಿನ ಬುಟ್ಟಿಗೆ ಹಾಕಿದ್ದಾರೆ. ಬೆನ್ನಿಯ ಹತ್ತಿರ ಕಳಿಸಿದೆ. ಒಂದು ಕಡಿಮೆ ಇದೆ. ಇವರು ಕೊಡಲಿಲ್ಲ. ‘ಹುಡುಗ ಬರೆದಿದ್ದು ತಪ್ಪು, ಪೆಟ್ಟಿಗೆ ಏನ್ ಮಾಡ್ತು ಪಾಪ’ ಅಂತಾರೆ.

ಫೋನ್ ಮಾಡಬೇಡ. ಪರದೆ ಮೇಲೆ ನಿನ್ನ ಹೆಸರು ಮೂಡಿದರೆ ಆ ಸಂದೇಶವೇ ಕಾಣುತ್ತೆ.

ಜಸಿಂತ


ತಿರುವನಂತಪುರ
ಸೆಪ್ಟೆಂಬರ್ 20

ಚೇಚೀ,

ಏನಾಯಿತು ಅಂತ ಹೇಳುತ್ತೇನೆ. ಕ್ಷಮಿಸು ಅಂತ ಕೇಳಲು ಅಲ್ಲ, ಏನಾಯಿತು ಅಂತ ನಿನಗೆ ಗೊತ್ತಿರಬೇಕು ಅಂತ.

ಆ ಸಾಲನ್ನು ನೀನು ಹೇಳಿದಂತೆ ಖಾಲಿ ಬಿಟ್ಟೆ. ಆದರೆ ಅದಕ್ಕೂ ಬಹಳ ಮುಂಚೆ, ಪರೀಕ್ಷೆ ಮಾಡುವ ದಿನಗಳಲ್ಲಿ, ಯಂತ್ರಕ್ಕೆ ಒಂದು ಮಾತು ಹೇಳಿಟ್ಟಿದ್ದೆ: ಸಂದೇಶದ ಜಾಗ ಖಾಲಿ ಕಂಡರೆ ಲಾಗಿನ ಸಾಲನ್ನೇ ಎತ್ತಿ ಕಳಿಸು ಅಂತ. ಆಗ ಅದು ಬರುತ್ತಿದ್ದುದು ನನ್ನ ಫೋನಿಗೆ ಮಾತ್ರ, ನನಗೆ ಸಲೀಸಾಗಲಿ ಅಂತ. ತೆಗೆಯಲು ಮರೆತೆ. ಯಂತ್ರಕ್ಕೆ ‘ಈ ಮಾತು ಆಡಬಾರದು ಅಂತ ಬಿಟ್ಟಿದ್ದಾರೆ’ ಅನ್ನುವುದು ತಿಳಿಯುವುದಿಲ್ಲ. ಖಾಲಿ ಇದೆ, ತುಂಬಬೇಕು, ಅಷ್ಟೇ ತಿಳಿಯುತ್ತದೆ. ಅಡುಗೆಮನೆಯಲ್ಲಿ ಸಿಕ್ಕಿದ್ದನ್ನು ತಂದು ನಿನ್ನ ಎಲೆಗೆ ಬಡಿಸಿತು.

ನಗೆಸಾಲುಗಳನ್ನೆಲ್ಲ ಅಳಿಸಿದ್ದೇನೆ. ಅಮ್ಮಚ್ಚಿಯನ್ನು ನೋಡಲು ಬರಲೇ? ಬೇಡ ಅಂದರೆ ಬೇಡ ಅಂತಲಾದರೂ ಬರಿ.

ಲಿಬಿನ್


ತಿರುವನಂತಪುರ
ಅಕ್ಟೋಬರ್ 16

ಚೇಚೀ,

ನಿನ್ನಿಂದ ಉತ್ತರವಿಲ್ಲ. ಬೆನ್ನಿ ಚೇಟ ದಿನಾ ಖಾಲಿ ಕೈ ತೋರಿಸಿ, ‘ಇವತ್ತೂ ಮೀನು ಮಾತ್ರ ಕಣೋ’ ಅನ್ನುತ್ತಾರೆ. ಅಮ್ಮಚ್ಚಿ ಗೋಡೆ ಹಿಡಿದು ನಡೆಯುತ್ತಿದ್ದಾರೆ ಅಂತ ಅವರಿಂದಲೇ ತಿಳಿಯಿತು.

ಇಲ್ಲಿ ನನ್ನ ಮೇಲಧಿಕಾರಿ ಪ್ರತಾಪನ್ ಸಾರ್ ನನ್ನನ್ನು ನಿಲ್ಲಿಸಿಕೊಂಡು ಪ್ರವಚನ ಮಾಡಿದರು. ‘ಲಿಬಿನ್, ಜನಕ್ಕೆ ಹೆದರಿಕೆ ಆಗೋ ಥರ ಯಾವುದನ್ನೂ ಹೇಳಬಾರದು. ಒಂದೇ ಸಾಲು, ಎಲ್ಲದಕ್ಕೂ ಅದೇ ಸಾಲು.’ ಈಗ ಆ ಖಾಲಿ ಜಾಗದಲ್ಲಿ ಅವರ ಸಾಲು ಕೂತಿದೆ: ‘ಕ್ಷಮಿಸಿ, ಏನೋ ತೊಂದರೆಯಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಬ್ಯಾಟರಿ ಮುಗಿದರೂ ಅದೇ, ವೈರು ಸಡಿಲವಾದರೂ ಅದೇ, ಗುಂಡಿ ಒತ್ತಿ ಆರಿಸಿದರೂ ಅದೇ, ದೋಣಿ ಮಗುಚಿದರೂ ಅದೇ. ಯಾರಿಗೂ ಹೆದರಿಕೆಯಿಲ್ಲ, ಏಕೆಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

‘ಸಾರ್, ಸ್ವಲ್ಪ ಸಮಯದ ನಂತರ ಏನನ್ನು ಪ್ರಯತ್ನಿಸಬೇಕು? ಇನ್ನೊಂದು ಗಂಡನನ್ನೇ?’ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಈಗ ನನ್ನ ತಮಾಷೆಗಳಿಗೆ ನನಗೇ ಭಯ.

ಲಾಗನ್ನು ಮಾತ್ರ ಅವರು ಮುಟ್ಟಲಿಲ್ಲ. ಅಲ್ಲಿ ಈಗ ನಗೆಯಿಲ್ಲ, ಆಗಿದ್ದು ಆದ ಹಾಗೆ ಬರೆಯುತ್ತದೆ. ಆದರೆ ಅದು ಆಫೀಸಿನ ಆಸ್ತಿ, ಹೊರಗೆ ಹೋದರೆ ನಾನೂ ಹೊರಗೆ ಹೋಗಬೇಕು.

ಕ್ಲೀಟಸ್ ಚೇಟನಿಗೆ ಪೆಟ್ಟಿಗೆ ಕಿತ್ತುಹಾಕಲು ಹೇಳು. ಅಥವಾ ಹೇಳಬೇಡ. ನನಗೆ ಗೊತ್ತಾಗುತ್ತಿಲ್ಲ.

ಲಿಬಿನ್


ನೀಂಡಕರ
ನವೆಂಬರ್ 22, ಬೆಳಿಗ್ಗೆ

ಲಿಬಿನ್,

ನಿನ್ನೆ ಮಧ್ಯಾಹ್ನ ಕಡಲು ಇದ್ದಕ್ಕಿದ್ದಂತೆ ಕೆಟ್ಟಿತು. ಹೊರಗಿದ್ದ ದೋಣಿಗಳೆಲ್ಲ ಹೇಗೋ ಬಂದು ಬಿದ್ದವು. ಜಪಮಾಲೆ ಬರ್ತಿದೆ.

ಸಂಜೆ ಫೋನಿಗೆ ಬಂದದ್ದು ಇದು: ‘ಕ್ಷಮಿಸಿ, ಏನೋ ತೊಂದರೆಯಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಸ್ವಲ್ಪ ಹೊತ್ತಿಗೇ ಗಾಳಿಗೆ ಟವರ್ ಮುರಿದು ಬಿತ್ತು. ಫೋನುಗಳೆಲ್ಲ ಮೂಕ. ಬೆನ್ನಿ ವ್ಯಾನು ತೆಗೆಯುತ್ತಿದ್ದಾನೆ, ಅವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಇವರು ಹೊರಡುವಾಗ ಬಡಗಿನ ಅಳೀಕಲ್ ಕಡೆ ಹೋಗ್ತೀನಿ ಅಂದಿದ್ದರು. ಹುಡುಕುವವರು ಬೆಳಕು ಹರಿದಾಗಿನಿಂದ ಬಡಗು ಕಡಲನ್ನೇ ಜಾಲಾಡುತ್ತಿದ್ದಾರೆ. ಏನೂ ಸಿಕ್ಕಿಲ್ಲ. ನಮ್ಮವರು ಎತ್ತ ಹೋಗಬೇಕು ಅಂತ ತಿಳಿಯದೆ ದಡದಲ್ಲಿ ನಿಂತಿದ್ದಾರೆ.

ನನಗೆ ಪಂಕ್ತಿಯ ಮಾತು ಬೇಡ. ನಿನ್ನ ಅಡುಗೆಮನೆಯಲ್ಲಿ ಏನು ಬರೆದಿದೆ, ಅದು ಬೇಕು. ಇದ್ದದ್ದು ಇದ್ದ ಹಾಗೆ. ನನಗೆ ನೋವಾಗುತ್ತೆ ಅಂತ ಒಂದು ಸಾಲನ್ನೂ ಬಿಡಬೇಡ. ಕೆಳಗೆ ಸಹಿ ಹಾಕು.

ಜಸಿಂತ


ತಿರುವನಂತಪುರ
ನವೆಂಬರ್ 22

ಚೇಚೀ,

ಬೆನ್ನಿ ಚೇಟ ಇಂಜಿನ್ ಆರಿಸದೆ ಬಾಗಿಲಲ್ಲಿ ನಿಂತಿದ್ದಾರೆ. ಪ್ರತಾಪನ್ ಸಾರ್ ಅವರನ್ನು ಕೇಳಿದೆ. ‘ದೋಣಿಯ ಜಾಗ ಯಾರಿಗೂ ತಿಳಿಸಬಾರದು ಅಂತ ಮೀನುಗಾರರೇ ಕರಾರು ಹಾಕಿದ್ದಾರೆ. ಮೇಲಿನವರ ಒಪ್ಪಿಗೆ ಬರಲಿ, ನಾಳೆ ನೋಡೋಣ’ ಅಂದರು. ನಾಳೆ ನೋಡುವವರು ನೋಡಲಿ. ಲಾಗಿನಲ್ಲಿ ಇರುವುದು ಇದು:

‘ಜಪಮಾಲೆ. ದಿಕ್ಕು ದಕ್ಷಿಣ. ವೇಗ ಸಾಮಾನ್ಯ.
ಜಪಮಾಲೆ. ವೇಗ ಇಲ್ಲ. ನೀರಿನ ಜೊತೆ ತೇಲುತ್ತಿದೆ.
ಜಪಮಾಲೆ. ಪೆಟ್ಟಿಗೆಗೆ ನೀರು ಸೋಕಿದೆ.
ಜಪಮಾಲೆ. ಗುಂಡಿ ಒತ್ತಿ ಆರಿಸಲಾಗಿದೆ.’

ಅವರು ಬಡಗು ಕಡೆಗೆ ಹೋಗಲೇ ಇಲ್ಲ. ಹೋದದ್ದು ತೆಂಕಿಗೆ, ವರ್ಕಲದ ಎದುರಿನ ಕಡಲಿಗೆ. ಕೊನೆಯ ಜಾಗದ ಅಂಕಿಗಳನ್ನು ಬೇರೆ ಚೀಟಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ನಮ್ಮ ತೀರದ ಪೊಲೀಸ್ ಠಾಣೆಯ ಫೋನೂ ಸಿಗುತ್ತಿಲ್ಲ, ಬೆನ್ನಿ ಚೇಟ ದಾರಿಯಲ್ಲಿ ಅಲ್ಲಿಗೆ ಒಂದು ಪ್ರತಿ ಕೊಡುತ್ತಾರೆ. ಇನ್ನೊಂದು ನಮ್ಮವರ ದೋಣಿಗೆ. ನೀರು ಈಗ ಯಾವ ಕಡೆ ಎಳೆಯುತ್ತಿದೆ ಅನ್ನುವುದು ಅವರಿಗೇ ಗೊತ್ತು.

ಮೂರನೆಯ ಸಾಲನ್ನು ಬಿಟ್ಟುಬಿಡಲೇ ಅಂತ ಯೋಚಿಸಿದೆ. ಒಂದು ಹಾಳೆಯಲ್ಲಿ ಬಿಟ್ಟೇ ಬರೆದಿದ್ದೆ. ಅದನ್ನು ಹರಿದು ಇದನ್ನು ಬರೆದೆ. ನೀರು ಒಳಗೆ ಬಂದಿತ್ತು, ಚೇಚಿ. ಎಷ್ಟು ಅಂತ ಗೊತ್ತಿಲ್ಲ.

ನಾಲ್ಕನೆಯ ಸಾಲನ್ನು ಹತ್ತು ಸಲ ಓದು. ಆ ಗುಂಡಿಯನ್ನು ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಆರುವುದಿಲ್ಲ. ಅಲೆಗೆ ಬೆರಳಿಲ್ಲ. ನೀರು ಬಂದ ಮೇಲೆ ಯಾರೋ ಅದನ್ನು ಕೈಯಾರೆ ಆರಿಸಿದ್ದಾರೆ. ಏಕೆ ಅಂತ ಗೊತ್ತಿಲ್ಲ. ಆ ಹೊತ್ತಿಗೆ ಅಲ್ಲಿ ಒಂದು ಕೈ ಇತ್ತು, ಅದು ಕೆಲಸ ಮಾಡುತ್ತಿತ್ತು. ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ನೀನು ಹೇಳಿದಂತೆ ಸಹಿ ಹಾಕಿದ್ದೇನೆ.

ಲಿಬಿನ್


ನೀಂಡಕರ
ನವೆಂಬರ್ 22, ಸಂಜೆ

ಲಿಬಿನ್,

ತಲುಪಿತು. ಚೀಟಿಯನ್ನು ಅಲೋಶಿಯ ಕೈಗೆ ಕೊಟ್ಟೆ. ಯಾವ ಜಾಗ ಅವನಿಗೆ ಗೊತ್ತಾಗಬಾರದು ಅಂತ ಇವರು ಇಷ್ಟು ದಿನ ಕಾಪಾಡಿದರೋ ಅದನ್ನೇ. ಅವನು ನೋಡಿ, ‘ಕಳ್ಳ! ಇಲ್ಲಿಗಾ ಹೋಗ್ತಿದ್ದಿದ್ದು ಇವನು!’ ಅಂದ. ಅಂದವನ ಕಣ್ಣಲ್ಲಿ ನೀರಿತ್ತು. ಎರಡು ದೋಣಿ ಹೊರಟವು.

ಬ್ರಿಜಿತ್ ಅಮ್ಮಚ್ಚಿ ನಿನ್ನ ಕಾಗದ ಓದು ಅಂದರು. ಓದಿದೆ. ನೀರಿನ ಸಾಲನ್ನು ಬಿಟ್ಟು ಓದಿದೆ. ನಿನಗೆ ಬಿಡಬೇಡ ಅಂದವಳು ನಾನೇ ಬಿಟ್ಟೆ. ನಿನ್ನ ಆ ಪ್ರತಾಪನ್ ಸಾರ್ ಕೂಡ ಯಾರೋ ಒಬ್ಬ ಮುದುಕಿಯ ಮುಖ ನೆನೆದು ಆ ಸಾಲು ಬರೆದಿರಬಹುದು.

ಕೈಯ ಸಾಲನ್ನು ಮಾತ್ರ ಅಮ್ಮಚ್ಚಿ ಮತ್ತೆ ಮತ್ತೆ ಓದಿಸಿದರು. ‘ಅವನ ಕೈಯೇ ಅದು,’ ಅಂತಾರೆ.

ಬರ್ತಿದ್ದಾರೆ.

ಜಸಿಂತ


ನೀಂಡಕರ
ನವೆಂಬರ್ 24

ಮಾನ್ಯ ಲಿಬಿನ್‌ರವರ ಘನ ಸನ್ನಿಧಾನಕ್ಕೆ,

ಬಂದರು. ಜಪಮಾಲೆಯಲ್ಲಿದ್ದ ನಾಲ್ವರೂ ಬಂದರು. ದೋಣಿ ಮಗುಚಿತ್ತು, ಅದರ ಬೆನ್ನಿಗೆ ಹಗ್ಗ ಸುತ್ತಿ ಒಬ್ಬರನ್ನೊಬ್ಬರು ಕಟ್ಟಿಕೊಂಡಿದ್ದರಂತೆ. ನೀನು ಕೊಟ್ಟ ಜಾಗದಿಂದ ನೀರು ಎಳೆದ ದಾರಿ ಹಿಡಿದು ಹೋಗಿ ಅಲೋಶಿ ಕಂಡುಹಿಡಿದ. ಇವರ ತುಟಿ ಉಪ್ಪಿಗೆ ಒಡೆದಿದೆ. ಎದ್ದು ಕೂತ ಮೇಲೆ ಮೊದಲು ಕೇಳಿದ್ದು, ‘ಅಲೋಶಿಗೆ ಆ ಜಾಗ ಹೇಳ್ದೋರು ಯಾರು?’

ಗುಂಡಿ ಯಾಕೆ ಒತ್ತಿದಿರಿ ಅಂತ ಕೇಳಿದೆ. ಗಂಜಿ ಕುಡಿದು, ಗೋಡೆ ಕಡೆ ತಿರುಗಿ ಹೇಳಿದರು: ‘ನೀರು ನುಗ್ತು ಜಸಿಂತ. ಪೆಟ್ಟಿಗೆ ಇನ್ನೇನು ಸಾಯುತ್ತೆ ಅನ್ನಿಸ್ತು. ಅದಾಗಿ ಅದು ಸತ್ರೆ ನಿಂಗೆ ಮತ್ತೆ ಆ ಸಾವಿನ ಸಂದೇಶ ಬರುತ್ತಲ್ಲ. ಅಮ್ಮ ಮತ್ತೆ ಮೆಟ್ಲಲ್ಲಿ ಬೀಳ್ತಾರೆ. ಅದಕ್ಕೆ ನಾನೇ ಮಲಗಿಸ್ದೆ.’

ಅಲೆ ತಲೆ ಮೇಲೆ ಬರುವಾಗ ಮನುಷ್ಯ ಇದನ್ನು ಯೋಚಿಸಿದ್ದಾನೆ, ಲಿಬಿನೇ. ಬೈಯಲೋ ಅಳಲೋ ತಿಳಿಯದೆ ಇನ್ನೊಂದು ಸೌಟು ಗಂಜಿ ಹಾಕಿದೆ.

ಹೆಂಗಸರು ಪೆಟ್ಟಿಗೆಗಳನ್ನು ವಾಪಸ್ ಕೇಳುತ್ತಿದ್ದಾರೆ. ಆದರೆ ಆ ‘ಸ್ವಲ್ಪ ಸಮಯದ ನಂತರ’ ಇರಕೂಡದು ಅಂತಾರೆ. ನಿನ್ನೆ ಹರಾಜಿನ ಕಟ್ಟೆಯಲ್ಲಿ ಎಲ್ಲರೂ ಕೂತು ಒಂದು ಸಾಲು ಮಾಡಿದೆವು. ಅಲೋಶಿಯ ಹೆಂಡತಿ ಒಂದು ಪದ ಹೇಳಿದರೆ ನಾನು ಇನ್ನೊಂದು. ಬರೆದುಕೋ:

‘ಜಪಮಾಲೆಯ ಪೆಟ್ಟಿಗೆಯಿಂದ ದನಿ ಬರುತ್ತಿಲ್ಲ. ನಿಂತಿರುವುದು ಪೆಟ್ಟಿಗೆ. ದೋಣಿಯ ಸುದ್ದಿ ನಮಗೆ ಗೊತ್ತಿಲ್ಲ. ಕೊನೆಗೆ ಕೇಳಿಸಿದ ಜಾಗ ಇದು. ಹುಡುಕುವವರಿಗೆ ತಿಳಿಸಿದ್ದೇವೆ.’

ಜಾಗ ತೋರಿಸಲು ಗಂಡಸರು ಒಪ್ಪಿದ್ದಾರೆ, ದನಿ ನಿಂತರೆ ಮಾತ್ರ. ಉಳಿದ ದಿನ ಬೇಡವಂತೆ. ಮತ್ತಿ ಮೀನಿನ ವಿಷಯ.

ಆಗಸ್ಟಿನಲ್ಲಿ ನೀನು ಕೇಳಿದಾಗಲೇ ನಾನು ಇದನ್ನು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಇನ್ನು ಆ ಜಾಗವನ್ನು ಖಾಲಿ ಬಿಡಬೇಡ.

ಕೆಲಸ ಹೋಯಿತಾ ಅಂತ ಬೆನ್ನಿಯನ್ನು ಕೇಳಿದೆ. ‘ನಾಳೆ ಸೋಮವಾರ ಕರೆಸಿದ್ದಾರಂತೆ’ ಅಂದ. ಹೋದರೆ ಹೋಗಲಿ, ಅವರೆದುರು ತಮಾಷೆ ಮಾಡಬೇಡ. ಮುಗಿಸಿಕೊಂಡು ನೇರ ಇಲ್ಲಿಗೆ ಬಾ. ಕಪ್ಪಗೆಣಸು ಬೇಯಿಸಿ, ಮತ್ತಿ ಸಾರು ಮಾಡಿರುತ್ತೇನೆ. ಅಮ್ಮಚ್ಚಿ ಕೋಲು ಇಟ್ಟುಕೊಂಡು ಕಾಯುತ್ತಿದ್ದಾರೆ, ನಡೆಯಲಿಕ್ಕಲ್ಲ.

ಶ್ರೀಯುತರು ಒಳಕೋಣೆಯಲ್ಲಿ ನಿದ್ರಾಲೋಲರಾಗಿದ್ದಾರೆ. ಬಾಗಿಲು ತಟ್ಟಬೇಡ. ಸುಮ್ಮನೆ ಒಳಗೆ ಬಾ.

ನಿನ್ನ ಚೇಚಿ,
ಜಸಿಂತ